ಇಂಗ್ಲಿಷ್ ಕಲಿಸಲು ಹೊರಟ ಹೆಣ್ಮಕ್ಕಳು ಮತ್ತು ಪ್ರಮಾಣಪತ್ರದ ಅಂಗಡಿ

ಇತ್ತೀಚೆಗೆ ಕರಾವಳಿಯ ಪಟ್ಟಣವೊಂದರಿಂದ ತಂದೆಯೋರ್ವರು ಕಚೇರಿಗೆ ಬಂದಿದ್ದರು. ಕೈಯಲ್ಲಿ ಪ್ಲಾಸ್ಟಿಕ್ ಕವರ್‌ನೊಳಗೆ ಜೋಪಾನವಾಗಿಟ್ಟ ಒಂದು ಪ್ರಮಾಣಪತ್ರ. ದಪ್ಪ ಕಾಗದ, ಅಂಚಿನಲ್ಲಿ ಚಿನ್ನದ ಬಣ್ಣದ ಮುದ್ರೆ, ನಡುವೆ ಮಗಳ ಹೆಸರು. ವಿದೇಶದಲ್ಲಿ ಇಂಗ್ಲಿಷ್ ಕಲಿಸಲು ಈಕೆ 120 ಗಂಟೆಗಳ ತರಬೇತಿ ಪಡೆದು ಅರ್ಹತೆ ಗಳಿಸಿದ್ದಾಳೆ ಎಂಬುದು ಅದರ ಒಕ್ಕಣೆ. ಬಿ.ಎ., ಬಿ.ಎಡ್. ಮುಗಿಸಿ ಊರಿನ ಖಾಸಗಿ ಶಾಲೆಯೊಂದರಲ್ಲಿ ನಾಲ್ಕು ವರ್ಷಗಳಿಂದ ಇಂಗ್ಲಿಷ್ ಕಲಿಸುತ್ತಿರುವ ಮಗಳು ಆ 120 ಗಂಟೆಗಳನ್ನು ಮೊಬೈಲ್‌ನಲ್ಲಿ ಎರಡು ರಾತ್ರಿಗಳಲ್ಲಿ ಮುಗಿಸಿದ್ದಳಂತೆ. ಈಗ ಏಜೆಂಟ್ ಹೊರದೇಶದ ಶಾಲೆಯೊಂದರಲ್ಲಿ ಜಾಗ ಕಾದಿರಿಸಲು ಇನ್ನಷ್ಟು ಹಣ ಕೇಳುತ್ತಿದ್ದಾನೆ. ಮಗಳ ಬಳೆಗಳು ಉಳಿದಿವೆ. ಅವನ್ನು ಅಡವಿಡಬೇಕೋ ಬೇಡವೋ ಎಂಬ ಸಂದಿಗ್ಧದಲ್ಲಿ ಅವರು ಬಸ್ ಹತ್ತಿ ಬಂದಿದ್ದರು. ಅವರ ಪ್ರಶ್ನೆ ಒಂದೇ ಆಗಿತ್ತು: ಇದು ಅಸಲಿಯೋ, ನಕಲಿಯೋ?

ನಿಜವಾಗಿ, ಈ ಪ್ರಶ್ನೆಗೆ ಉತ್ತರ ಹೇಳುವುದು ಸುಲಭವಲ್ಲ. ಆ ಪ್ರಮಾಣಪತ್ರವನ್ನು ಯಾರೂ ಕಳ್ಳತನದಿಂದ ಮುದ್ರಿಸಿರಲಿಲ್ಲ. ಅದನ್ನು ನೀಡಿದ ಸಂಸ್ಥೆಗೆ ವಿಳಾಸವಿದೆ, ದೂರವಾಣಿಯಿದೆ, ಹಣ ಪಡೆದುದಕ್ಕೆ ರಶೀದಿಯೂ ಇದೆ. ಹಾಗಾದರೆ ಅದನ್ನು ನಕಲಿ ಎನ್ನುವುದು ಹೇಗೆ? ಆದರೆ ನಾಲ್ಕು ವರ್ಷ ನಿಜವಾದ ತರಗತಿಯಲ್ಲಿ ನಿಂತು, ನಿಜವಾದ ಮಕ್ಕಳಿಗೆ ಪಾಠ ಹೇಳಿದ ಆ ಯುವತಿಗೆ ಎರಡು ರಾತ್ರಿಯ ಈ ಕಾಗದ ಹೊಸದಾಗಿ ಏನನ್ನು ಕೊಟ್ಟಿತು? ಆಕೆಯೇ ಅದಕ್ಕೆ ಸ್ವಲ್ಪ ಗೌರವ ತಂದುಕೊಟ್ಟಳು ಎನ್ನುವುದೇ ಹೆಚ್ಚು ಸರಿ.

ಈ 120 ಎಂಬ ಸಂಖ್ಯೆ ಎಲ್ಲಿಂದ ಬಂತು ಎಂಬುದನ್ನು ತಿಳಿದರೆ ಅರ್ಧ ವಿಷಯ ಅರ್ಥವಾದಂತೆ. 1962ರಲ್ಲಿ ಲಂಡನ್‌ನ ಇಂಟರ್‌ನ್ಯಾಶನಲ್ ಹೌಸ್ ಎಂಬ ಭಾಷಾ ಶಾಲೆಯಲ್ಲಿ ಜಾನ್ ಹೇಕ್ರಾಫ್ಟ್ ಮತ್ತು ಅವರ ಪತ್ನಿ ಬ್ರಿಟಾ ಹೇಕ್ರಾಫ್ಟ್ ಎರಡು ವಾರಗಳ ಒಂದು ತರಬೇತಿಯನ್ನು ಆರಂಭಿಸಿದರು. ಇಂಗ್ಲಿಷ್ ಬಾರದ ವಿದೇಶೀಯರಿಗೆ ಇಂಗ್ಲಿಷ್ ಕಲಿಸಲು ಹೊರಟವರನ್ನು, ಸಿದ್ಧಾಂತಗಳ ಭಾರ ಹೊರಿಸದೆ, ನೇರವಾಗಿ ತರಗತಿಗೆ ಇಳಿಸಿ ತಯಾರು ಮಾಡುವ ಪ್ರಯತ್ನ ಅದು. ಮುಂದೆ ಅದೇ ತರಬೇತಿ ರಾಯಲ್ ಸೊಸೈಟಿ ಆಫ್ ಆರ್ಟ್ಸ್‌ನ ಪ್ರಮಾಣಪತ್ರವಾಗಿ, ಬಳಿಕ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಪರೀಕ್ಷಾ ವಿಭಾಗದ ವಶಕ್ಕೆ ಬಂದು ಇಂದು 'ಸೆಲ್ಟಾ' ಎಂಬ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ಅದರಲ್ಲಿ ತರಬೇತುದಾರರ ಜೊತೆಗಿನ ಕಲಿಕೆ ಕನಿಷ್ಠ 120 ಗಂಟೆಗಳು. ಪೂರ್ಣಾವಧಿಯಾದರೆ ನಾಲ್ಕೈದು ವಾರ ಬೇಕು.

ಆದರೆ ಅದರ ಜೀವ ಇರುವುದು ಇನ್ನೊಂದು ಸಣ್ಣ ಸಂಖ್ಯೆಯಲ್ಲಿ. ಆರು ಗಂಟೆಗಳು. ಅಭ್ಯರ್ಥಿಯು ಆರು ಗಂಟೆಗಳ ಕಾಲ ನಿಜವಾದ ವಿದ್ಯಾರ್ಥಿಗಳಿಗೆ ಪಾಠ ಮಾಡಬೇಕು. ಅದೂ ಎರಡು ಬೇರೆ ಬೇರೆ ಮಟ್ಟದ ವಯಸ್ಕ ವಿದ್ಯಾರ್ಥಿಗಳಿಗೆ. ಕೋಣೆಯ ಹಿಂಭಾಗದಲ್ಲಿ ತರಬೇತುದಾರರು ಕುಳಿತು ಟಿಪ್ಪಣಿ ಬರೆಯುತ್ತಿರುತ್ತಾರೆ. ಪಾಠ ಮುಗಿದ ಬಳಿಕ ನೀವು ಎಷ್ಟು ಹೊತ್ತು ಮಾತಾಡಿದಿರಿ, ವಿದ್ಯಾರ್ಥಿಗಳು ಎಷ್ಟು ಹೊತ್ತು ಮಾತಾಡಿದರು ಎಂಬ ಲೆಕ್ಕ ಎದುರಿಗೆ ಬರುತ್ತದೆ. ಸಹ ಅಭ್ಯರ್ಥಿಗಳೂ ತಪ್ಪು ತೋರಿಸುತ್ತಾರೆ. ಇದಲ್ಲದೆ, ಅನುಭವಿ ಶಿಕ್ಷಕರ ಪಾಠಗಳನ್ನು ಆರು ಗಂಟೆ ಕುಳಿತು ನೋಡಬೇಕು, ನಾಲ್ಕು ಲಿಖಿತ ನಿಬಂಧಗಳನ್ನು ಒಪ್ಪಿಸಬೇಕು. ಹೊರಗಿನಿಂದ ಕೇಂಬ್ರಿಜ್‌ನ ಪರೀಕ್ಷಕರೊಬ್ಬರು ಬಂದು ತರಬೇತಿಯನ್ನೇ ಪರಿಶೀಲಿಸುತ್ತಾರೆ. ಟ್ರಿನಿಟಿ ಕಾಲೇಜ್ ಲಂಡನ್‌ನವರ 'ಸರ್ಟ್ ಟೀಸಾಲ್' ಕೂಡ ಇದೇ ಜಾತಿಯದು. ಅದರಲ್ಲಿಯೂ ಆರು ಗಂಟೆಗಳ ಪಾಠ ಕಡ್ಡಾಯ. ಅವರಲ್ಲಿ ಒಂದು ಸೊಗಸಾದ ನಿಯಮವಿದೆ. ಶಿಕ್ಷಕರಾಗಲು ಬಂದವರಿಗೆ ಅವರು ಹಿಂದೆಂದೂ ಕಲಿಯದ ಭಾಷೆಯೊಂದನ್ನು ಕೆಲವು ಗಂಟೆಗಳ ಕಾಲ ಕಲಿಸಲಾಗುತ್ತದೆ. ಒಂದಕ್ಷರವೂ ಗೊತ್ತಿಲ್ಲದ ಭಾಷೆಯ ಮುಂದೆ ಕೂತಾಗ ಎಂಥ ಅವಮಾನ, ಎಂಥ ಗಲಿಬಿಲಿ ಆಗುತ್ತದೆ ಎಂಬುದು ಮೊದಲು ಶಿಕ್ಷಕರಿಗೇ ಅನುಭವವಾಗಲಿ ಎಂಬುದು ಇದರ ಉದ್ದೇಶ. ಮನೆಯಲ್ಲಿ ಬ್ಯಾರಿಯನ್ನೋ ನವಾಯತಿಯನ್ನೋ ಉರ್ದುವನ್ನೋ ಆಡಿ, ಆರನೇ ವಯಸ್ಸಿನಲ್ಲಿ ಕನ್ನಡ ಶಾಲೆಯ ಬೆಂಚಿನಲ್ಲಿ ಕೂತು, ಆ ಬಳಿಕ ಇಂಗ್ಲಿಷ್‌ಗೆ ಬಂದ ನಮ್ಮ ಮಕ್ಕಳಿಗೆ ಈ ಪಾಠವನ್ನು ಪ್ರತ್ಯೇಕವಾಗಿ ಕಲಿಸಬೇಕಾದ ಅಗತ್ಯ ಇರಲಾರದು.

ಪ್ರಮಾಣಪತ್ರದ ಅಂಗಡಿಗಳು ಮಾಡಿರುವುದು ಇಷ್ಟೇ: 120ನ್ನು ಎರವಲು ಪಡೆದರು, ಆರನ್ನು ಕೈಬಿಟ್ಟರು. ವಿಡಿಯೋ ನೋಡಿ, ಹೌದು-ಅಲ್ಲ ಎಂಬ ಪ್ರಶ್ನೆಗಳಿಗೆ ಗುರುತು ಹಾಕಿದರೆ ಸಾಕು, ಗಂಟೆಗಳು ತಾವಾಗಿಯೇ ತುಂಬಿಕೊಳ್ಳುತ್ತವೆ. ಉತ್ತರ ತಪ್ಪಾದರೆ ಮತ್ತೆ ಗುರುತು ಹಾಕಬಹುದು. 'ಅಂತಾರಾಷ್ಟ್ರೀಯ ಮಾನ್ಯತೆ' ಎಂಬ ಮಾತು ಪ್ರತಿಯೊಂದರ ಮೇಲೂ ಇರುತ್ತದೆ. ಆದರೆ ಜಗತ್ತಿನ ಎಲ್ಲ ಟೆಫ್ಲ್ ಪ್ರಮಾಣಪತ್ರಗಳನ್ನು ಪರಿಶೀಲಿಸಿ ಮಾನ್ಯತೆ ಕೊಡುವ ಒಂದು ಪ್ರಾಧಿಕಾರ ಎಲ್ಲಿಯೂ ಇಲ್ಲ. ಮಾನ್ಯತೆ ನೀಡುವುದಾಗಿ ಹೇಳಿಕೊಳ್ಳುವ ಸಂಸ್ಥೆಯನ್ನು ಯಾರು ಬೇಕಾದರೂ ನೋಂದಾಯಿಸಬಹುದು. ಎರಡು ಅಂಗಡಿಗಳು ಪರಸ್ಪರರ ಬಾಗಿಲಿಗೆ ಬೋರ್ಡು ಬರೆದುಕೊಟ್ಟರೆ ಯಾರೂ ತಡೆಯುವವರಿಲ್ಲ.

ಹಾಗಂತ, ಆನ್‌ಲೈನ್ ಎಂಬುದೇ ದೋಷವಲ್ಲ. ಕೊರೋನಾ ಹಾವಳಿಯ 2020ರ ಬಳಿಕ ಸೆಲ್ಟಾವನ್ನೂ ಪೂರ್ತಿಯಾಗಿ ಆನ್‌ಲೈನ್‌ನಲ್ಲಿ ಮಾಡುವ ವ್ಯವಸ್ಥೆ ಬಂದಿದೆ. ಅಲ್ಲಿಯೂ ಪರದೆಯ ಆಚೆ ನಿಜವಾದ ವಿದ್ಯಾರ್ಥಿಗಳಿರುತ್ತಾರೆ, ನೋಡುವ ಕಣ್ಣೂ ಇರುತ್ತದೆ. ಆದ್ದರಿಂದ ನಮ್ಮ ಮನೆಗಳಲ್ಲಿ ಕೇಳಬೇಕಾದ ಪ್ರಶ್ನೆ ಆನ್‌ಲೈನೋ ಆಫ್‌ಲೈನೋ ಎಂದಲ್ಲ. 'ನೀನು ಪಾಠ ಮಾಡುವುದನ್ನು ಯಾರು ನೋಡಿದರು?' ಎಂದು ಕೇಳಬೇಕು. ಇದಕ್ಕೆ ಉತ್ತರವಿಲ್ಲದ ಪ್ರಮಾಣಪತ್ರಕ್ಕೆ ಐನೂರು ರೂಪಾಯಿ ಕೊಟ್ಟರೂ ಅದು ದುಬಾರಿಯೇ. ಉತ್ತರವಿರುವ ಪ್ರಮಾಣಪತ್ರಕ್ಕೆ ಸಾಮಾನ್ಯವಾಗಿ ಲಕ್ಷ ರೂಪಾಯಿಗಿಂತ ಹೆಚ್ಚು ಖರ್ಚಾಗುತ್ತದೆ ಎಂಬುದೂ ನಿಜ. ನಮ್ಮ ಮಧ್ಯಮ ವರ್ಗದ ಕುಟುಂಬಕ್ಕೆ ಅದು ಸಣ್ಣ ಮೊತ್ತವಲ್ಲ. ಆದ್ದರಿಂದಲೇ ಆ ಖರ್ಚಿಗೆ ಇಳಿಯುವ ಮೊದಲು ಮುಂದಿನ ಮಾತುಗಳನ್ನು ಬಚ್ಚಿಡದೆ ಹೇಳಬೇಕಾಗಿದೆ.

ಪ್ರಮಾಣಪತ್ರ ಅಸಲಿಯಾಗಿದ್ದರೂ ಒಂದು ಗೋಡೆ ಎದುರಾಗುತ್ತದೆ. ಈ ಗೋಡೆಯ ಬಗ್ಗೆ ಯಾವ ಏಜೆಂಟನೂ ಮಾತಾಡುವುದಿಲ್ಲ. ದಕ್ಷಿಣ ಕೊರಿಯ ಭಾಷಾ ಶಿಕ್ಷಕರಿಗೆ ನೀಡುವ ಇ-2 ವೀಸಾವನ್ನೇ ನೋಡಿ. ಇಂಗ್ಲಿಷ್ ಕಲಿಸಲು ಅದು ಸಾಮಾನ್ಯವಾಗಿ ಏಳು ದೇಶಗಳ ಪ್ರಜೆಗಳಿಗೆ ಮೀಸಲು: ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯ, ನ್ಯೂಝಿಲೆಂಡ್ ಮತ್ತು ದಕ್ಷಿಣ ಆಫ್ರಿಕ. ಚೀನಾದಲ್ಲಿಯೂ ಭಾಷೆ ಕಲಿಸುವವರು ತಮ್ಮ ಮಾತೃಭಾಷೆಯನ್ನೇ ಕಲಿಸಬೇಕೆಂಬುದು ಸಾಮಾನ್ಯ ನಿಯಮ. ಗಲ್ಫ್‌ನ ಭಾಷಾ ಸಂಸ್ಥೆಗಳ ಜಾಹೀರಾತುಗಳಲ್ಲಿ 'ಇಂಗ್ಲಿಷ್ ಮಾತೃಭಾಷೆಯವರಿಗೆ ಮಾತ್ರ' ಎಂಬ ಒಕ್ಕಣೆ ಹೊಸದೇನಲ್ಲ. ಹೀಗೆ ಮಾತೃಭಾಷೆಯನ್ನು ಅಳೆಯಲು ಅವರು ಬಳಸುವ ಅಳತೆಗೋಲು ಯಾವುದು? ನಾಲಗೆಯಲ್ಲ, ಪಾಸ್‌ಪೋರ್ಟ್! ದಕ್ಷಿಣ ಆಫ್ರಿಕದ ಜನಸಂಖ್ಯೆಯಲ್ಲಿ ಇಂಗ್ಲಿಷ್ ಮನೆಮಾತಾಗಿರುವವರು ಶೇ. 10ಕ್ಕಿಂತಲೂ ಕಡಿಮೆ. ಆದರೂ ಆ ದೇಶ ಪಟ್ಟಿಯಲ್ಲಿದೆ. ಮನೆಯಲ್ಲಿ ಝುಲು ಆಡುವ ದಕ್ಷಿಣ ಆಫ್ರಿಕದ ಶಿಕ್ಷಕಿ ಅರ್ಹಳೆಂದಾದರೆ, ಮನೆಯಲ್ಲಿ ಉರ್ದು ಆಡುವ ಭಟ್ಕಳದ ಶಿಕ್ಷಕಿ ಏಕೆ ಅನರ್ಹಳು? ಝುಲು ಶಿಕ್ಷಕಿಯ ಅವಕಾಶವನ್ನು ನಾವು ಪ್ರಶ್ನಿಸುತ್ತಿಲ್ಲ. ಅವರಿಗೆ ತೆರೆದ ಬಾಗಿಲು ಇವರಿಗೆ ಮುಚ್ಚಲು ಶಿಕ್ಷಣಶಾಸ್ತ್ರದ ಕಾರಣ ಯಾವುದಿದೆ ಎಂದಷ್ಟೇ ಕೇಳುತ್ತಿದ್ದೇವೆ.

ಈ ಪೂರ್ವಗ್ರಹಕ್ಕೆ ಹುಟ್ಟೂರು ಇದೆ. 1961ರಲ್ಲಿ ಉಗಾಂಡದ ಮಕೆರೆರೆಯಲ್ಲಿ ಕಾಮನ್‌ವೆಲ್ತ್ ರಾಷ್ಟ್ರಗಳ ಸಮ್ಮೇಳನವೊಂದು ಇಂಗ್ಲಿಷ್ ಬೋಧನೆಯ ಬಗ್ಗೆ ಚರ್ಚಿಸಿತ್ತು. ಆಗಷ್ಟೇ ಸ್ವಾತಂತ್ರ್ಯ ಪಡೆಯುತ್ತಿದ್ದ ದೇಶಗಳಿಗೆ ಇಂಗ್ಲಿಷನ್ನು ಹೇಗೆ ಕಲಿಸಬೇಕೆಂಬ ಚರ್ಚೆ. ಇಂಗ್ಲಿಷ್ ಮಾತೃಭಾಷೆಯವನೇ ಆದರ್ಶ ಇಂಗ್ಲಿಷ್ ಶಿಕ್ಷಕ ಎಂಬ ನಂಬಿಕೆ ಅಲ್ಲಿಂದ ಗಟ್ಟಿಯಾಯಿತು ಎಂದು ರಾಬರ್ಟ್ ಫಿಲಿಪ್ಸನ್ 1992ರಲ್ಲಿ ಪ್ರಕಟಿಸಿದ 'ಲಿಂಗ್ವಿಸ್ಟಿಕ್ ಇಂಪೀರಿಯಲಿಸಮ್' ಕೃತಿಯಲ್ಲಿ ವಾದಿಸಿದರು ಮತ್ತು ಅದೊಂದು ಮಿಥ್ಯೆ ಎಂದರು. ಧ್ವಜಗಳು ಇಳಿದವು, ಆದರೆ ಶಿಕ್ಷಕರ ನೇಮಕಾತಿಯಲ್ಲಿ ಹಳೆಯ ದೊರೆಯ ಮುಖವೇ ಬೇಕಾಯಿತು. 2006ರಲ್ಲಿ ಇಂಗ್ಲಿಷ್ ಶಿಕ್ಷಕರದೇ ಅಂತಾರಾಷ್ಟ್ರೀಯ ಸಂಘಟನೆಯಾದ ಟೀಸಾಲ್ ಇಂಥ ತಾರತಮ್ಯವನ್ನು ವಿರೋಧಿಸಿ ಅಧಿಕೃತ ನಿಲುವು ಪ್ರಕಟಿಸಿತು. ನಿಲುವು ಕಾಗದದಲ್ಲಿ ಉಳಿಯಿತು, ಜಾಹೀರಾತುಗಳು ಗೋಡೆಯಲ್ಲಿ ಉಳಿದವು.

ಇದರೊಳಗಿನ ವಿಪರ್ಯಾಸ ನಮ್ಮ ನೆಲಕ್ಕೇ ಸಂಬಂಧಿಸಿದ್ದು. ಇಂದು ಜಗತ್ತಿನಾದ್ಯಂತ ಇಂಗ್ಲಿಷ್ ಶಿಕ್ಷಕರ ತರಬೇತಿಯಲ್ಲಿ 'ಟಾಸ್ಕ್' ಎಂಬ ಪದ ಇಲ್ಲದೆ ಮಾತೇ ಸಾಗುವುದಿಲ್ಲ. ಅಂದರೆ, ವ್ಯಾಕರಣದ ನಿಯಮವನ್ನು ಬಾಯಿಪಾಠ ಮಾಡಿಸುವ ಬದಲು ಮಕ್ಕಳ ಮುಂದೆ ಒಂದು ಕೆಲಸವನ್ನು ಇಡುವುದು. ರೈಲು ವೇಳಾಪಟ್ಟಿ ಕೊಟ್ಟು, ಈ ಊರಿನಿಂದ ಆ ಊರಿಗೆ ಬೇಗ ತಲುಪುವ ದಾರಿ ಯಾವುದು ಎಂದು ಕೇಳುವುದು. ಮಕ್ಕಳ ಗಮನ ಉತ್ತರ ಹುಡುಕುವುದರ ಕಡೆಗಿರುತ್ತದೆ, ಭಾಷೆ ಅದರ ಬೆನ್ನಿಗೇ ಬರುತ್ತದೆ. ಈ ವಿಧಾನವನ್ನು ತರಗತಿಯಲ್ಲಿ ವರ್ಷಗಟ್ಟಲೆ ಪ್ರಯೋಗಿಸಿದ ಮೊದಲಿಗರಲ್ಲಿ ಎನ್. ಎಸ್. ಪ್ರಭು ಪ್ರಮುಖರು. 1979ರಿಂದ 1984ರ ವರೆಗೆ ಬೆಂಗಳೂರಿನ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಸಹಯೋಗದಲ್ಲಿ ದಕ್ಷಿಣ ಭಾರತದ ಸಾಧಾರಣ ಶಾಲೆಗಳಲ್ಲಿ ನಡೆದ ಆ ಪ್ರಯೋಗಕ್ಕೆ ವಿದ್ವತ್ ವಲಯದಲ್ಲಿ 'ಬೆಂಗಳೂರು ಪ್ರಾಜೆಕ್ಟ್' ಎಂದೇ ಹೆಸರು. 1987ರಲ್ಲಿ ಆಕ್ಸ್‌ಫರ್ಡ್ ಪ್ರಕಟಿಸಿದ ಅವರ 'ಸೆಕೆಂಡ್ ಲ್ಯಾಂಗ್ವೇಜ್ ಪೆಡಗಾಜಿ'ಯನ್ನು ಭಾಷಾ ಬೋಧನೆಯ ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ಬೆಂಗಳೂರಿನ ಹೆಸರು ಹೊತ್ತ ವಿಧಾನವನ್ನು ಕಲಿತುಕೊಂಡ ಲಂಡನ್‌ನ ಯುವಕ ಸೋಲ್‌ನಲ್ಲಿ ಶಿಕ್ಷಕನಾಗುತ್ತಾನೆ. ಬೆಂಗಳೂರಿನವಳಿಗೆ ಅದೇ ಹುದ್ದೆಯ ಅರ್ಜಿ ನಮೂನೆಯೂ ಸಿಗುವುದಿಲ್ಲ!

ಎಲ್ಲ ಬಾಗಿಲೂ ಮುಚ್ಚಿದೆ ಎಂದಲ್ಲ. ಭಾರತ ಮತ್ತು ಕೊರಿಯದ ನಡುವೆ 2009ರಲ್ಲಿ ಸಹಿಯಾಗಿ 2010ರ ಜನವರಿ 1ರಿಂದ ಜಾರಿಗೆ ಬಂದ ಆರ್ಥಿಕ ಒಪ್ಪಂದದಲ್ಲಿ ಭಾರತೀಯ ಇಂಗ್ಲಿಷ್ ಸಹಾಯಕ ಶಿಕ್ಷಕರಿಗೆ ಅಲ್ಲಿನ ಶಾಲೆಗಳಲ್ಲಿ ಅವಕಾಶ ಕಲ್ಪಿಸಲಾಗಿದೆ. ಪದವಿಯ ಜೊತೆಗೆ ಶಿಕ್ಷಕ ಅರ್ಹತೆ ಇರಬೇಕು. ಉಕ್ಕು ಮತ್ತು ಕಾರಿನ ಸುಂಕದ ಬಗ್ಗೆ ಅಷ್ಟು ಮಾತಾಡಿದ ನಮ್ಮ ಸರಕಾರಗಳು ಈ ಸಾಲನ್ನು ಊರೂರಿನ ಬಿ.ಎಡ್. ಕಾಲೇಜುಗಳಿಗೆ ತಲುಪಿಸಲು ಎಷ್ಟು ಶ್ರಮಿಸಿವೆ? ಗಲ್ಫ್‌ನಲ್ಲಿಯೂ ಇಂಗ್ಲಿಷ್‌ನ ಅಗತ್ಯ ಹೆಚ್ಚಿದೆ. ಒಮನ್ 1998ರ ಶಿಕ್ಷಣ ಸುಧಾರಣೆಯಲ್ಲಿಯೇ ಒಂದನೇ ತರಗತಿಯಿಂದ ಇಂಗ್ಲಿಷ್ ಆರಂಭಿಸಿತು. ಸೌದಿ ಅರೇಬಿಯ 2021ರಲ್ಲಿ ಅದೇ ಹೆಜ್ಜೆ ಇಟ್ಟಿತು. ಅಲ್ಲಿ ಭಾರತೀಯ ಪಠ್ಯಕ್ರಮದ ಶಾಲೆಗಳೂ ಸಾಕಷ್ಟಿವೆ.

ಆದರೆ ಇಲ್ಲಿ ನಮ್ಮ ಕುಟುಂಬಗಳು ಒಂದು ಮುಖ್ಯ ವಿಷಯವನ್ನು ಗಮನಿಸುತ್ತಿಲ್ಲ. ಭಾರತೀಯ ಪಠ್ಯಕ್ರಮದ ಶಾಲೆಗಳು ಕೇಳುವುದು ಬಿ.ಎಡ್. ಮತ್ತು ಅನುಭವವನ್ನು. ಅಲ್ಲಿ ಟೆಫ್ಲ್ ಎಂಬ ಕಾಗದಕ್ಕೆ ಹೆಚ್ಚಿನ ಬೆಲೆಯಿಲ್ಲ. ಟೆಫ್ಲ್‌ಗೆ ಬೆಲೆ ಇರುವುದು ಭಾಷಾ ಸಂಸ್ಥೆಗಳಲ್ಲಿ ಮತ್ತು ಕೆಲವು ಕಾಲೇಜುಗಳ ಪೂರ್ವಸಿದ್ಧತಾ ತರಗತಿಗಳಲ್ಲಿ. ನಮ್ಮ ಕಚೇರಿಗೆ ಬಂದ ತಂದೆಯ ಮಗಳ ಬಳಿ ಬೆಲೆಯುಳ್ಳ ಕಾಗದ ಮೊದಲೇ ಇತ್ತು. ಅದು ಅಲಮಾರಿನಲ್ಲಿತ್ತು. ಅವರು ಚಿನ್ನದ ಮುದ್ರೆಯ ಹಿಂದೆ ಓಡಿದ್ದರು. ಅಲಮಾರಿನ ಆ ಪದವಿ ಪತ್ರಕ್ಕೆ ರಾಜ್ಯ ಸರಕಾರದ ದೃಢೀಕರಣ, ಬಳಿಕ ವಿದೇಶಾಂಗ ಸಚಿವಾಲಯದ ಮುದ್ರೆ ಬೇಕು. ಭಾರತದಲ್ಲಿ 2005ರಿಂದ ಜಾರಿಯಲ್ಲಿರುವ ಹೇಗ್ ಒಪ್ಪಂದದ ಪ್ರಕಾರ 'ಅಪಾಸ್ಟಿಲ್' ಎಂಬ ಒಂದೇ ಮುದ್ರೆ ಸದಸ್ಯ ದೇಶಗಳಲ್ಲಿ ಸಾಕಾಗುತ್ತದೆ. ಸೌದಿ ಅರೇಬಿಯ 2022ರ ಡಿಸೆಂಬರ್‌ನಿಂದ ಆ ಒಪ್ಪಂದದಲ್ಲಿದೆ. ಒಪ್ಪಂದಕ್ಕೆ ಸೇರದ ದೇಶವಾದರೆ ಅದರ ರಾಯಭಾರ ಕಚೇರಿಯ ಮುದ್ರೆಯೂ ಬೇಕು. ವಾರಗಟ್ಟಲೆ ತಗಲುವ ಕೆಲಸವಿದು. ಏಜೆಂಟರಿಗೆ ಇದರಲ್ಲಿ ಅಂಥ ಲಾಭವಿಲ್ಲವಾದ್ದರಿಂದ ಇದರ ಪ್ರಸ್ತಾಪವೇ ಕಡಿಮೆ.

ಕಾನೂನಿನ ಇನ್ನೊಂದು ಸಂಗತಿ ಇನ್ನೂ ಗಂಭೀರವಾದುದು. ಹತ್ತನೇ ತರಗತಿ ತೇರ್ಗಡೆಯಾದವರ ಪಾಸ್‌ಪೋರ್ಟ್‌ಗೆ ವಲಸೆ ಪರವಾನಗಿ ಬೇಕಿಲ್ಲ. ಇದನ್ನು ನಾವು ಇಸಿಎನ್‌ಆರ್ ಎನ್ನುತ್ತೇವೆ ಮತ್ತು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಓದದ ಕಾರ್ಮಿಕ ಗಲ್ಫ್‌ಗೆ ಹೋಗುವಾಗ ಅವನ ಒಪ್ಪಂದಪತ್ರ, ಸಂಬಳ, ಮಾಲಕನ ವಿವರ ಸರಕಾರದ ಕಣ್ಣಿಗೆ ಒಮ್ಮೆಯಾದರೂ ಬೀಳುತ್ತದೆ. ಪದವಿ ಪಡೆದ ಶಿಕ್ಷಕಿ ಹೋಗುವಾಗ ಯಾರೂ ಏನನ್ನೂ ನೋಡುವುದಿಲ್ಲ. ಓದಿದವರಿಗೆ ಮೋಸವಾಗದು ಎಂಬ ಭಾವನೆಯ ಮೇಲೆ ನಿಂತಿರುವ ವ್ಯವಸ್ಥೆ ಇದು. 2018ರ ನವೆಂಬರ್‌ನಲ್ಲಿ ವಿದೇಶಾಂಗ ಸಚಿವಾಲಯವು ಇಸಿಎನ್‌ಆರ್ ಪಾಸ್‌ಪೋರ್ಟ್‌ನವರೂ 18 ದೇಶಗಳಿಗೆ ಉದ್ಯೋಗಕ್ಕಾಗಿ ಹೋಗುವ ಮುನ್ನ ಹೆಸರು ನೋಂದಾಯಿಸಬೇಕೆಂದು ಆದೇಶಿಸಿತ್ತು. ಅನಿವಾಸಿಗಳಿಂದ ಆಕ್ಷೇಪ ಬಂತು, ಅದೇ ತಿಂಗಳಲ್ಲಿ ಆದೇಶವನ್ನು ತಡೆಹಿಡಿಯಲಾಯಿತು. ಆ ಆಕ್ಷೇಪದಲ್ಲಿ ನ್ಯಾಯವಿತ್ತು. ನೋಂದಾಯಿಸದವರನ್ನು ವಿಮಾನ ನಿಲ್ದಾಣದಲ್ಲೇ ತಡೆಯುವ ಆದೇಶ ಅದಾಗಿತ್ತು. ಆದರೆ ತಡೆಯುವುದು ಬೇರೆ, ಕಾಯುವುದು ಬೇರೆ. ಸ್ವಇಚ್ಛೆಯಿಂದ ನೋಂದಾಯಿಸುವ ದಾರಿ ಇದ್ದರೂ ಅದನ್ನು ಹಿಡಿಯುವವರು ವಿರಳ.

ವಿದೇಶಕ್ಕೆ ನೇಮಕಾತಿ ಮಾಡುವ ಏಜೆಂಟ್ ನೋಂದಣಿ ಹೊಂದಿರಬೇಕೆಂದು 1983ರ ವಲಸೆ ಕಾಯ್ದೆ ಹೇಳುತ್ತದೆ. ಆತ ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾ ಶುಲ್ಕಕ್ಕೆ ನಿಯಮಗಳು ವಿಧಿಸಿರುವ ಮಿತಿ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ನಮ್ಮ ಊರುಗಳಲ್ಲಿ ಎಷ್ಟು ಕೊಡುತ್ತಿದ್ದೇವೆ ಎಂದು ಪ್ರತಿಯೊಬ್ಬರೂ ತಮ್ಮ ಮನೆಯಲ್ಲಿಯೇ ಕೇಳಿ ನೋಡಲಿ. ರಶೀದಿ ಕೊಡದ, ನೋಂದಣಿ ಸಂಖ್ಯೆ ಹೇಳದ, ಮೊದಲು ಪ್ರವಾಸಿ ವೀಸಾದಲ್ಲಿ ಹೋಗಿ, ಉಳಿದದ್ದನ್ನು ಅಲ್ಲಿ ನೋಡಿಕೊಳ್ಳೋಣ ಎನ್ನುವ ವ್ಯಕ್ತಿ ಸಂಬಂಧಿಕನೇ ಆಗಿರಲಿ, ಜಮಾಅತ್‌ನ ಪದಾಧಿಕಾರಿಯೇ ಆಗಿರಲಿ, ಅವನಿಗೆ ಸಲಾಮ್ ಹೇಳಿ ಎದ್ದುಬರುವುದೇ ಲೇಸು. 2022ರಲ್ಲಿ ಥಾಯ್ಲೆಂಡ್‌ನಲ್ಲಿ ಐಟಿ ಉದ್ಯೋಗ ಎಂದು ನಂಬಿ ಹೊರಟ ಭಾರತೀಯ ಯುವಕರನ್ನು ಮ್ಯಾನ್ಮಾರ್‌ಗೆ ಸಾಗಿಸಿ ಸೈಬರ್ ವಂಚನೆಯ ಕೆಲಸಕ್ಕೆ ದೂಡಲಾಯಿತು. ವಿದೇಶಾಂಗ ಸಚಿವಾಲಯ ಆಗ ಎಚ್ಚರಿಕೆಯನ್ನೇ ಹೊರಡಿಸಬೇಕಾಯಿತು. ಅವರೂ ಓದಿದವರೇ, ಇಂಗ್ಲಿಷ್ ಬಲ್ಲವರೇ.

ಈ ಮಾರುಕಟ್ಟೆಯ ಅಸ್ಥಿರತೆಯ ಬಗ್ಗೆಯೂ ಒಂದು ಮಾತು. 2021ರ ಜುಲೈಯಲ್ಲಿ ಚೀನಾ ಸರಕಾರವು ಶಾಲಾ ಮಕ್ಕಳ ಖಾಸಗಿ ಟ್ಯೂಶನ್ ಉದ್ಯಮದ ಮೇಲೆ ಬಿಗಿ ನಿಯಮಗಳನ್ನು ಹೇರಿತು. ದೇಶದ ಹೊರಗಿರುವ ಶಿಕ್ಷಕರಿಂದ ಆನ್‌ಲೈನ್ ಪಾಠ ಹೇಳಿಸುವುದನ್ನೂ ನಿಷೇಧಿಸಿತು. ಮನೆಯಲ್ಲೇ ಕೂತು ಚೀನಾದ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತಿದ್ದ ದೊಡ್ಡ ಸಮೂಹವೇ ಕೆಲವೇ ವಾರಗಳಲ್ಲಿ ಕೆಲಸ ಕಳೆದುಕೊಂಡಿತು. ಇಂಥದ್ದು ಮತ್ತೆ ಆಗದು ಎಂದು ಯಾರೂ ಭರವಸೆ ಕೊಡಲಾರರು.

ಇಷ್ಟಕ್ಕೂ, ನಾವು ಈ ಯುವತಿಯರನ್ನು ತಡೆಯಬೇಕೆಂದು ಹೇಳುತ್ತಿದ್ದೇವೆಯೇ? ಖಂಡಿತ ಅಲ್ಲ. ಮದುವೆಯಾಗಿ ಗಂಡನೊಂದಿಗೆ ದಮ್ಮಾಮ್‌ಗೋ ಶಾರ್ಜಾಕ್ಕೋ ಹೋದ ಎಷ್ಟೋ ಬಿ.ಎಡ್. ಪದವೀಧರೆಯರು ಫ್ಲ್ಯಾಟ್‌ನ ನಾಲ್ಕು ಗೋಡೆಗಳ ನಡುವೆ ವರ್ಷಗಳನ್ನು ಕಳೆಯುತ್ತಿದ್ದಾರೆ. ಅವಲಂಬಿತರ ವೀಸಾದಲ್ಲಿ ಕೆಲಸ ಮಾಡಬೇಕಾದರೆ ಪ್ರತ್ಯೇಕ ಪರವಾನಗಿ ಬೇಕು ಎಂಬುದೂ ತಿಳಿಯದೆ, ಪಕ್ಕದ ಮನೆಯ ಮಕ್ಕಳಿಗೆ ಟ್ಯೂಶನ್ ಹೇಳಿ ಭಯದಲ್ಲಿ ಬದುಕುವವರೂ ಇದ್ದಾರೆ. ಅವರಿಗೆ ಇಲ್ಲಿಂದ ಹೊರಡುವ ಮುನ್ನವೇ ದೃಢೀಕರಿಸಿದ ಪದವಿಪತ್ರ ಮತ್ತು ನಿಜವಾದ ತರಬೇತಿ ಇದ್ದಿದ್ದರೆ ಕಥೆ ಬೇರೆಯಾಗುತ್ತಿತ್ತು. ಮಗಳ ಮದುವೆಗೆ ನಲ್ವತ್ತು ಪವನು ಕೊಡಲು ಸಾಲ ಮಾಡುವ ಮನೆಯವರು ಅವಳ ಪದವಿಪತ್ರಕ್ಕೆ ಮುದ್ರೆ ಹಾಕಿಸಲು ಬೆಂಗಳೂರಿಗೆ ಒಂದು ಸಲ ಹೋಗಿಬರಲಾರರೇ? ಇನ್ನೊಂದು ವಿಚಿತ್ರವನ್ನೂ ನೋಡುತ್ತಿದ್ದೇವೆ. ಒಂದು ತಿಂಗಳ ತರಬೇತಿಗೆ ಬೆಂಗಳೂರಿಗೋ ಹೈದರಾಬಾದ್‌ಗೋ ಹೋಗುತ್ತೇನೆಂದರೆ, ಒಬ್ಬಳೇ ಹೇಗೆ ಇರುತ್ತೀ ಎಂದು ತಡೆಯುವ ತಂದೆ, ಮುಖ ನೋಡದ ಏಜೆಂಟನ ಮಾತು ನಂಬಿ ಅವಳನ್ನು ಸಮುದ್ರದಾಚೆಗೆ ಕಳುಹಿಸಲು ಸಿದ್ಧರಾಗುತ್ತಾರೆ.

ಆದರೆ ಈಕೆ ಹೊರಡಲು ಹವಣಿಸುವುದಾದರೂ ಏಕೆ? ಈ ಪ್ರಶ್ನೆಯನ್ನು ನಾವು ನಮ್ಮ ಶಾಲಾ ಆಡಳಿತ ಮಂಡಳಿಗಳಿಗೆ ಕೇಳಬೇಕಾಗಿದೆ. ಕಳೆದ ಮೂರು ದಶಕಗಳಲ್ಲಿ ಸಮುದಾಯದ ಹಣದಿಂದ, ಅನಿವಾಸಿಗಳ ದೇಣಿಗೆಯಿಂದ ಊರೂರುಗಳಲ್ಲಿ ಇಂಗ್ಲಿಷ್ ಮಾಧ್ಯಮ ಶಾಲೆಗಳು ಎದ್ದಿವೆ. ಅದು ಸಂತೋಷದ ಸಂಗತಿಯೇ. ಇಂಗ್ಲಿಷ್ ಕಲಿತರೆ ಮಕ್ಕಳು ಕೈತಪ್ಪುತ್ತಾರೆ ಎಂಬ ಭಯವಿದ್ದ ಕಾಲದಲ್ಲಿ ಸರ್ ಸಯ್ಯದ್ ಅಹ್ಮದ್ ಖಾನ್ 1875ರಲ್ಲಿ ಅಲೀಘಡದಲ್ಲಿ ಬೀಜ ಬಿತ್ತಿ, ಸಮುದಾಯದಿಂದಲೇ ಬೈಗುಳ ತಿಂದರು. ಇಂದು ಭಯ ಹೋಗಿದೆ, ಅದರ ಜಾಗದಲ್ಲಿ ಒಂದು ಬಗೆಯ ಆರಾಧನೆ ಬಂದಿದೆ. ಶಾಲೆಯ ಹೆಸರು ಇಂಗ್ಲಿಷ್, ಸಮವಸ್ತ್ರಕ್ಕೆ ಟೈ, ಸಭಾಂಗಣಕ್ಕೆ ಗ್ರಾನೈಟ್. ತರಗತಿಯ ಒಳಗೆ ಹೋಗಿ ನೋಡಿದರೆ, ಶಿಕ್ಷಕಿ ಪ್ರಶ್ನೋತ್ತರವನ್ನು ಹಲಗೆಯಲ್ಲಿ ಬರೆಯುತ್ತಾಳೆ, ಮಕ್ಕಳು ನಕಲು ಮಾಡಿ ಬಾಯಿಪಾಠ ಮಾಡುತ್ತಾರೆ. ಹತ್ತು ವರ್ಷ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಹುಡುಗ ಬ್ಯಾಂಕಿನ ಅರ್ಜಿಯೊಂದನ್ನು ತುಂಬಲು ತಡವರಿಸುತ್ತಾನೆ. ಇದು ಶಿಕ್ಷಕಿಯ ತಪ್ಪೇ? ಆಕೆ ತಿಂಗಳ ಕೊನೆಗೆ ಮನೆಗೆ ಕೊಂಡೊಯ್ಯುವ ಸಂಬಳವನ್ನು ಶಾಲಾ ವಾಹನದ ಚಾಲಕನ ಸಂಬಳದೊಂದಿಗೆ ಹೋಲಿಸಿ ನೋಡಿ. ಎಷ್ಟೋ ಕಡೆ ಚಾಲಕನದೇ ಹೆಚ್ಚು.

ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ 1963ರಿಂದ ಇದೆ. ದಕ್ಷಿಣದ ರಾಜ್ಯಗಳ ಶಿಕ್ಷಕರನ್ನು ಇಂಗ್ಲಿಷ್ ಬೋಧನೆಗೆ ಸಜ್ಜುಗೊಳಿಸುವುದೇ ಅದರ ಕೆಲಸ. 1958ರಲ್ಲಿ ಹೈದರಾಬಾದ್‌ನಲ್ಲಿ ಆರಂಭವಾಗಿ 2007ರಲ್ಲಿ ಕೇಂದ್ರೀಯ ವಿಶ್ವವಿದ್ಯಾನಿಲಯವಾದ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾನಿಲಯವೂ ಶಿಕ್ಷಕರಿಗಾಗಿಯೇ ಕೋರ್ಸ್‌ಗಳನ್ನು ರೂಪಿಸಿದೆ. ಇವು ವಿದೇಶದ ಮುದ್ರೆಗಳಲ್ಲ ನಿಜ. ಆದರೆ ಇಂಗ್ಲಿಷ್ ಕಲಿಸುವ ವಿದ್ಯೆ ಇಲ್ಲಿಯೂ ಸಿಗುತ್ತದೆ, ಅದೂ ಕಡಿಮೆ ಖರ್ಚಿನಲ್ಲಿ. ನಮ್ಮ ಯಾವ ಆಡಳಿತ ಮಂಡಳಿ ತನ್ನ ಶಿಕ್ಷಕಿಯೋರ್ವಳನ್ನು ಸಂಬಳ ಸಹಿತ ರಜೆ ಕೊಟ್ಟು ಇಲ್ಲಿಗೆಲ್ಲ ಕಳುಹಿಸಿದೆ? ಕಳುಹಿಸಿದರೆ ಕಲಿತು ಬೇರೆ ಶಾಲೆಗೆ ಹೋಗಿಬಿಡುತ್ತಾಳೆ ಎಂಬ ಉತ್ತರ ನಮಗೆ ಗೊತ್ತಿದೆ. ಕಲಿಯದೆ ಇಲ್ಲೇ ಉಳಿದರೆ ಮೂವತ್ತು ವರ್ಷ ಮಕ್ಕಳು ಏನು ಕಲಿಯುತ್ತಾರೆ ಎಂಬುದಕ್ಕೆ ಅವರ ಬಳಿ ಉತ್ತರವಿಲ್ಲ. ವಾರ್ಷಿಕೋತ್ಸವದ ಶಾಮಿಯಾನಕ್ಕೆ ತಗಲುವ ಖರ್ಚಿನಲ್ಲಿ ಎರಡು ಮಂದಿ ಶಿಕ್ಷಕಿಯರ ತರಬೇತಿ ಮುಗಿಯುತ್ತದೆ. ಅನಿವಾಸಿ ಸಂಘಟನೆಗಳು ವರ್ಷಕ್ಕೊಮ್ಮೆ ಪ್ರತಿಭಾವಂತ ವಿದ್ಯಾರ್ಥಿಗಳಿಗೆ ಕೊಡುವ ಶಾಲು-ಸ್ಮರಣಿಕೆಗಳ ಹಣದಲ್ಲಿ ಒಂದು ಪಾಲು ಇತ್ತ ಹರಿದರೂ ಸಾಕು. ಈ ಸಂಘಟನೆಗಳಿಗೆ ಇನ್ನೊಂದು ಕೆಲಸವನ್ನೂ ನಿಭಾಯಿಸಲು ಸಾಧ್ಯವಿದೆ. ಊರಿನ ಹೆಣ್ಮಗಳೊಬ್ಬಳಿಗೆ ಅಲ್ಲಿನ ಶಾಲೆಯಿಂದ ನೇಮಕಪತ್ರ ಬಂದರೆ, ಆ ಶಾಲೆ ಇದೆಯೇ, ಸಂಬಳ ಸರಿಯಾಗಿ ಕೊಡುತ್ತದೆಯೇ, ವಸತಿ ಎಲ್ಲಿ ಎಂಬುದನ್ನು ಸ್ಥಳಕ್ಕೇ ಹೋಗಿ ನೋಡಿ ಬರಲು ಒಬ್ಬ ಸದಸ್ಯನಿಗೆ ಒಂದು ಸಂಜೆ ಸಾಕು. ಕಾನೂನು ನೋಡದಿರುವುದನ್ನು ಇವರಾದರೂ ನೋಡಬಹುದು.

ಆ ತಂದೆಗೆ ನಾವು ಹೇಳಿದ್ದು ಇಷ್ಟು: ಬಳೆ ಅಡವಿಡಬೇಡಿ, ಏಜೆಂಟನ ನೋಂದಣಿ ಸಂಖ್ಯೆ ಕೇಳಿ, ಮಗಳ ಬಿ.ಎಡ್. ಪತ್ರವನ್ನು ದೃಢೀಕರಣಕ್ಕೆ ಕೊಡಿ. ಕೊಟ್ಟ ಹಣ ವಾಪಸ್ ಬರುತ್ತದೆಯೇ ಎಂದು ಅವರು ಕೇಳಿದರು. ಬರುವ ಸಾಧ್ಯತೆ ಕಡಿಮೆ ಎಂದೆವು. ಅವರು ಪ್ರಮಾಣಪತ್ರವನ್ನು ಮತ್ತೆ ಕವರ್‌ನೊಳಗೆ ಇಟ್ಟುಕೊಂಡು ಹೋದರು. ಮೂರು ದಿನಗಳ ಬಳಿಕ ಮಗಳೇ ಫೋನ್ ಮಾಡಿದ್ದಳು. ಏಜೆಂಟನ ಬಗ್ಗೆ ಅವಳು ಏನೂ ಕೇಳಲಿಲ್ಲ. ತಂದೆಯ ಬಾಯಿಯಿಂದ ಆರು ಗಂಟೆಗಳ ಪಾಠದ ವಿಷಯ ಕೇಳಿದ್ದಳಂತೆ. ಹಿಂದೆ ಕೂತು ನೋಡುವವರ ಎದುರು ಒಂದು ಪಾಠ ಕೆಟ್ಟುಹೋದರೆ ಏನು ಮಾಡುತ್ತಾರೆ ಎಂಬುದು ಅವಳ ಪ್ರಶ್ನೆಯಾಗಿತ್ತು. ಎಲ್ಲಿ ಕೆಟ್ಟಿತೆಂದು ಹೇಳುತ್ತಾರೆ, ಮುಂದಿನ ಪಾಠ ಮಾಡಿಸುತ್ತಾರೆ ಎಂದೆವು. 'ನಾಲ್ಕು ವರ್ಷದಲ್ಲಿ ನನ್ನ ತರಗತಿಗೆ ಯಾರೂ ಬಂದು ಕೂತಿಲ್ಲ' ಎಂದಳು.